ಹಾಲು ಹಾಕುವ ಹಕ್ಕು

೧೧ ಜೂನ್ ೨೦೨೪, ಮಂಗಳವಾರ

ಬೆಳಗಿನ ಹಾಲು ಹಾಕಿ ಬಂದೆ. ಫ್ಯಾಟು ಸ್ವಲ್ಪ ಇಳಿದಿದೆ. ಹಸಿಮೇವು ಜಾಸ್ತಿಯಾಗಿರಬೇಕು ಅಂದಳು ನಮ್ಮ ಹೆಂಗಸರ ಹಾಲಿನ ಸಂಘದ ಸೆಕ್ರೆಟರಿ ರೇಣುಕಮ್ಮ. ಇರಬಹುದು.

ಹಸು ಕೆಂಪಿ ಇವತ್ತೂ ಗುಮ್ಮಿದಳು. ಕರು ಬಿಡುವುದು ತಡವಾಯಿತು ಅಂತ ಸಿಟ್ಟು. ಸರಿಯಾಗಿ ಎಡ ಎದೆಗೇ ಬಿತ್ತು. ಸ್ನಾನಕ್ಕೆ ಮೊದಲು ಎಣ್ಣೆ ತಿಕ್ಕಿಕೊಳ್ಳುವಾಗ ಕೈಗೆ ಏನೋ ಸಿಕ್ಕಿತು. ಪೆಟ್ಟು ಬಿದ್ದ ಜಾಗದಲ್ಲಲ್ಲ, ಅದಕ್ಕಿಂತ ಮೇಲೆ, ಕಂಕುಳ ಕಡೆಗೆ. ಹುಣಸೆಬೀಜಕ್ಕಿಂತ ತುಸು ದೊಡ್ಡದು. ಗಟ್ಟಿ. ಒತ್ತಿದರೆ ನೋವಿಲ್ಲ.

ನೋವೇ ಇಲ್ಲ ಅಂದಮೇಲೆ ಏನಿರುತ್ತೆ...

ರೋಜಾ ಹೊಸದುರ್ಗದಿಂದ ಫೋನ್ ಮಾಡಿದ್ದಳು. ಪಿಯುಸಿ ಕ್ಲಾಸ್ ಶುರುವಾಗಿದೆಯಂತೆ. ಹಾಸ್ಟೆಲ್ ಸಾರಿನಲ್ಲಿ ಬೇಳೆ ಹುಡುಕಬೇಕಂತೆ. ಮಗಳ ದೂರು ಕೇಳಿ ನಗು ಬಂತು.

೧೪ ಜೂನ್, ಶುಕ್ರವಾರ

ಅತ್ತೆಗೆ ಹೇಳಿದೆ. ಇನ್ಯಾರಿಗೆ ಹೇಳಲಿ. ಇವರು ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ.

ಅತ್ತೆ ಮುಟ್ಟಿ ನೋಡಿದಳು. ಮುಖ ಸ್ವಲ್ಪ ಬದಲಾಯಿತು. ಆಮೇಲೆ ಏನೂ ಆಗದವಳಂತೆ, "ಹಳೇ ಹಾಲಿನ ಗಂಟು ಕಣೆ ಉಷಾ. ರೋಜಾಗೆ ಹಾಲು ಬಿಡಿಸ್ದಾಗ ಕಟ್ಕಂಡಿರೋದು. ಬೇವು ಅರಿಶಿನ ಅರೆದು ಹಚ್ತೀನಿ, ಕರಗೋಗ್ತೈತೆ. ಯಾರ ಮುಂದೂ ಬಾಯಿ ಬಿಡಬ್ಯಾಡ."

ರೋಜಾಗೆ ಈಗ ಹದಿನಾರು. ಹದಿನಾಲ್ಕು ವರ್ಷ ಹಾಲು ಅಲ್ಲೇ ಕೂತಿತ್ತಾ?

ಕೇಳಲಿಲ್ಲ. ಹಚ್ಚಿಸಿಕೊಂಡೆ.

೨ ಜುಲೈ, ಮಂಗಳವಾರ

ಬ್ಲೌಸೆಲ್ಲ ಹಳದಿ. ಗಂಟು ಹಾಗೇ ಇದೆ.

ಅತ್ತೆಯ ಬಿಪಿ ನೋಡಲು ಆಶಾ ಕಾರ್ಯಕರ್ತೆ ಓಬವ್ವ ಬಂದಿದ್ದಳು. ಬ್ಲೌಸಿನ ಕಲೆ ನೋಡಿ, ಏನಕ್ಕ ಇದು ಅಂದಳು. ಅತ್ತೆ ಕಣ್ಣಲ್ಲೇ ಬೇಡ ಅಂದಳು. ನಾನು ಹೇಳಿಬಿಟ್ಟೆ. ಓಬವ್ವ ಬಿಪಿ ಮಿಷನ್ ಮಡಚಿಟ್ಟು ನೆಲದ ಮೇಲೆ ಕೂತಳು.

"ನೋವಿದ್ರೆ ನೀನೇ ಓಡ್ತಿದ್ದೆ ಅಕ್ಕ. ನೋವಿಲ್ದಿರೋ ಗಂಟೇ ತೋರಿಸ್ಬೇಕಾದ್ದು. ದುರ್ಗಕ್ಕೆ ಹೋಗಾಣ, ನಾನೂ ಬರ್ತೀನಿ."

ನನ್ನ ಚಿಕ್ಕಮ್ಮ ನೆನಪಾದಳು. ಅಮ್ಮನ ತಂಗಿ, ಧರ್ಮಪುರದವಳು. ನಾನಾಗ ಆರನೇ ಕ್ಲಾಸು. ಹಿತ್ತಲ ಕೋಣೆಯಲ್ಲಿ ಅವಳನ್ನು ಮಲಗಿಸಿದ್ದರು, ಊದುಬತ್ತಿ ಹಚ್ಚಿಡುತ್ತಿದ್ದರು. ವಾಸನೆ ಮುಚ್ಚಲು ಅಂತ ಆಗ ಗೊತ್ತಾಗಲಿಲ್ಲ. "ಎದೆಹುಣ್ಣು" ಅಂತ ಪಿಸುಗುಟ್ಟುತ್ತಿದ್ದರು. ಆಸ್ಪತ್ರೆಗೆ ಯಾರೂ ಕರೆದುಕೊಂಡು ಹೋಗಲಿಲ್ಲ. ಅವಳೂ ಕೇಳಲಿಲ್ಲ.

ನಾನು ಕೇಳುತ್ತೇನೆ.

೯ ಜುಲೈ, ಮಂಗಳವಾರ

ಚಿತ್ರದುರ್ಗದ ಜಿಲ್ಲಾಸ್ಪತ್ರೆ. ಇವರೂ ಬಂದರು. ಕುರಿಗಳನ್ನು ಪಕ್ಕದ ಮನೆ ಕಾಟಯ್ಯನಿಗೆ ಒಪ್ಪಿಸಿ, ಬಿಳಿ ಅಂಗಿ ಹಾಕಿಕೊಂಡು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರೇ ರೋಗಿಯ ಹಾಗೆ ಕಾಣುತ್ತಿದ್ದರು.

ಲೇಡಿ ಡಾಕ್ಟರು. ನನಗಿಂತ ಚಿಕ್ಕವರು. ಒಂದೊಂದಾಗಿ ಕೇಳಿದರು. ಮುಟ್ಟು ಶುರುವಾಗಿದ್ದು ಯಾವಾಗ, ಮೊದಲ ಮಗು ಎಷ್ಟನೇ ವಯಸ್ಸಿಗೆ, ಎಷ್ಟು ಮಕ್ಕಳು, ಎಷ್ಟು ದಿನ ಎದೆಹಾಲು ಕೊಟ್ಟಿರಿ, ಮನೆತನದಲ್ಲಿ ಯಾರಿಗಾದರೂ ಇತ್ತಾ. ಚಿಕ್ಕಮ್ಮನ ವಿಷಯ ಹೇಳಿದೆ. ಬರೆದುಕೊಂಡರು.

"ಒಂದೇ ಮಗು ಆಗಿದ್ದಕ್ಕೆ ಹಿಂಗಾಯ್ತಾ ಮೇಡಮ್?" ಅಂದೆ. ಒಂದೇ ಮಗು ಅಂತ ಹಟ್ಟಿಯ ಜನರ ಚುಚ್ಚುಮಾತು ಕೇಳಿದ್ದು ಕಡಿಮೆಯೇ? ಇದಕ್ಕೂ ಅದೇ ಕಾರಣ ಅಂದುಬಿಟ್ಟರೆ...

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡ್ರಿ ಉಷಾರಾಣಿಯವರೇ, ಇವೆಲ್ಲ ಸ್ವಲ್ಪ ಸ್ವಲ್ಪ ಅಪಾಯ ಜಾಸ್ತಿ ಮಾಡ್ತವೆ ಅಷ್ಟೇ. ಇದ್ಯಾವುದೂ ಇಲ್ಲದೋರಿಗೂ ಬರುತ್ತೆ. ಐದು ಮಕ್ಕಳಿರೋರೂ ಇಲ್ಲಿ ಬಂದು ಕೂತಿರ್ತಾರೆ. ನೀವು ಮಾಡಿದ ತಪ್ಪಲ್ಲ ಇದು."

"ಪೇಟೆ ಹೆಂಗಸರಿಗೆ ಬರೋ ರೋಗ ಅಂತಾರಲ್ಲ?"

"ಮೊದಲು ಹಂಗೇ ಅಂತಿದ್ರು. ಈಗ ನಮ್ಮಂಥ ದೇಶಗಳಲ್ಲೇ ಜಾಸ್ತಿ ಆಗ್ತಾ ಐತೆ. ಹಳ್ಳಿಯೋರೂ ಬರ್ತಿದ್ದಾರೆ, ನಲವತ್ತರ ಆಸುಪಾಸಿನೋರೂ ಬರ್ತಿದ್ದಾರೆ. ಬರೋದು ಮಾತ್ರ ತಡ. ಗಡ್ಡೆ ಒಡೆದು ಹುಣ್ಣಾದ ಮೇಲೆ. ನೀವು ಬೇಗ ಬಂದಿದ್ದೀರಿ."

ಎದೆಯ ಎಕ್ಸ್‌ರೇ, ಸ್ಕ್ಯಾನಿಂಗು, ಸೂಜಿ ಪರೀಕ್ಷೆ. ಸೂಜಿ ಚುಚ್ಚುವಾಗ ಓಬವ್ವನ ಕೈ ಹಿಡಿದಿದ್ದೆ. ಅವಳ ಬಳೆ ಒಡೆಯಿತು.

೧೮ ಜುಲೈ, ಗುರುವಾರ

ಹೌದಂತೆ.

ಡಾಕ್ಟರು ನೇರವಾಗಿ ಹೇಳಿದರು. ಅದೇ ಒಳ್ಳೆಯದಾಯಿತು. ಆಪರೇಷನ್ನು, ಆಮೇಲೆ ಕಿಮೋ, ಆಮೇಲೆ ಕರೆಂಟು, ಅಂದರೆ ರೇಡಿಯೇಶನ್ನು. ಎಲ್ಲ ದಾವಣಗೆರೆಯಲ್ಲಿ. ವಾಸಿಯಾಗುವ ಹಂತದಲ್ಲೇ ಇದೆ ಅಂದರು. ಇನ್ನೊಮ್ಮೆ ಹೇಳ್ರಿ ಅಂದೆ. ಇನ್ನೊಮ್ಮೆ ಹೇಳಿದರು.

ವಾಪಸ್ ಬಸ್ಸಿನಲ್ಲಿ ಇವರು ರಿಪೋರ್ಟಿನ ಚೀಲ ಮಡಿಲಲ್ಲಿಟ್ಟುಕೊಂಡು ಕೂತರು. ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ಇಳಿದು ಹೋದರು. ಅಳಲು ಹೋದರು ಅಂದುಕೊಂಡೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದು ಮಡಿಲಿಗೆ ಹಾಕಿದರು.

"ತಿನ್ನು. ಮೈಯಾಗೆ ಕಸುವು ಬೇಕು."

ಖಾರಕ್ಕೆ ಅಂತ ಹೇಳಿಕೊಂಡು ಇಬ್ಬರೂ ಕಣ್ಣು ಒರೆಸಿಕೊಂಡೆವು.

೬ ಆಗಸ್ಟ್, ಮಂಗಳವಾರ — ದಾವಣಗೆರೆ

ನಾಳೆ. ಎಡ ಎದೆ ಪೂರ್ತಿ ತೆಗೆಯುತ್ತಾರೆ. ಕಂಕುಳ ಗಂಟುಗಳನ್ನೂ.

ರೋಜಾ ಬಂದಿದ್ದಾಳೆ. ಬೇಡ ಅಂದರೂ. ಜಡೆ ಹಾಕಿದಳು, ಬಿಗಿಯಾಗಿ. ಅಮ್ಮ ಹೆದರಿಕೆ ಆಗ್ತೈತಾ ಅಂದಳು. ಹೂಂ ಅಂದೆ. ಸುಳ್ಳು ಹೇಳಿದರೆ ಅವಳೊಬ್ಬಳೇ ಹೆದರಬೇಕಾಗುತ್ತದೆ.

೨೧ ಆಗಸ್ಟ್, ಬುಧವಾರ

ಮನೆ. ಹಾಸಿಗೆ. ಕೆಂಪಿಯ ಕೂಗು.

ಇವತ್ತು ಬಾಗಿಲು ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡೆ. ಓರೆಯಾಗಿ ಹೊಲಿಗೆ. ಒಂದು ಕಡೆ ಬಯಲು. ಅತ್ತೆ ಬಾಗಿಲು ತಳ್ಳಿ ಬಂದುಬಿಟ್ಟಳು. ಸೆರಗು ಎಳೆದುಕೊಂಡೆ. ಅತ್ತೆ ಸೆರಗು ಸರಿಸಿ ನೋಡಿದಳು, ತುಂಬ ಹೊತ್ತು. ಆಮೇಲೆ ಪಕ್ಕದಲ್ಲಿ ಕೂತು ಅತ್ತಳು.

"ಅರಿಶಿನ ಹಚ್ಚಿ ಹಚ್ಚಿ ನಿನ್ನ ಕೊಲ್ತಿದ್ನಲ್ಲೇ."

ನಾನೇ ಸಮಾಧಾನ ಮಾಡಬೇಕಾಯಿತು.

ಗೋಡೆ ಮೇಲೆ ಬೆರಳು ನಡೆಸುತ್ತ ಕೈ ಎತ್ತುವ ಅಭ್ಯಾಸ ಹೇಳಿಕೊಟ್ಟಿದ್ದಾರೆ. ಭುಜದ ಮಟ್ಟ ದಾಟಲಿಲ್ಲ. ಎಡಗೈಯಲ್ಲಿ ಭಾರ ಎತ್ತುವಂತಿಲ್ಲ. ಹಾಲು ಕರೆಯುವುದು ಈಗ ಅತ್ತೆ. ಇವರು ಕರೆಯಲು ಹೋಗಿ ಒದೆ ತಿಂದರಂತೆ. ನಕ್ಕೆ. ಹೊಲಿಗೆ ಎಳೆಯಿತು. ಆದರೂ ನಕ್ಕೆ.

೨೭ ಸೆಪ್ಟೆಂಬರ್, ಶುಕ್ರವಾರ

ಮೊದಲ ಕಿಮೋ ಆದಮೇಲೆ ಇವತ್ತೇ ಪೆನ್ನು ಹಿಡಿಯುತ್ತಿರುವುದು. ವಾಂತಿ. ಬಾಯಿಹುಣ್ಣು. ಮುದ್ದೆ ಮರಳಿನ ಹಾಗೆ. ದಿಂಬಿನ ಮೇಲೆ ಕೂದಲು — ಹಿಡಿ ಹಿಡಿ. ಬೇಸತ್ತು ಇವರನ್ನೇ ಕರೆದೆ. ಕುರಿ ಉಣ್ಣೆ ಕತ್ತರಿಸುವ ಕೈ. ನೀಟಾಗಿ ಬೋಳಿಸಿದರು.

"ಚೆನ್ನಾಗೈತೆ," ಅಂದರು.

"ಏನು ಚೆನ್ನಾಗೈತೆ?"

"ತಲೆ ದುಂಡಗೈತೆ. ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ."

೯ ಅಕ್ಟೋಬರ್, ಬುಧವಾರ

ಅತ್ತೆ ಸಂಘದಿಂದ ಕ್ಯಾನು ತುಂಬಿದ್ದು ತುಂಬಿದ ಹಾಗೇ ವಾಪಸ್ ತಂದಳು. ನಮ್ಮ ಮನೆಯ ಹಾಲು ಬೇಡವಂತೆ.

ಅಧ್ಯಕ್ಷೆ ಬರಗೇರಮ್ಮ ಹೇಳಿದಳಂತೆ, "ಕ್ಯಾನ್ಸರ್ ಮನೆ ಹಾಲು ನಮ್ಮ ಹಾಲಿನ ಜೊತೆ ಕೂಡಿಸಿದ್ರೆ ಮಿಕ್ಕೋರು ಹಾಕಲ್ಲ ಅಂತಾರೆ. ಸ್ವಲ್ಪ ದಿನ ಸುಮ್ನಿರ್ರಿ." ಅಷ್ಟು ಹೆಂಗಸರು ನಿಂತಿದ್ದರಂತೆ. ಒಬ್ಬರೂ ಅತ್ತೆಯ ಪರ ನಿಲ್ಲಲಿಲ್ಲವಂತೆ.

ಸ್ವಲ್ಪ ದಿನ ಸುಮ್ಮನಿದ್ದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಹಾಲು ಹಾಕದವರಿಗೆ ಸಂಘದಲ್ಲಿ ಓಟಿಲ್ಲ. ಮುಂದಿನ ವರ್ಷ ಚುನಾವಣೆ. ಈ ಸಂಘ ಕಟ್ಟುವಾಗ ಮನೆ ಮನೆಗೆ ತಿರುಗಿ ಸದಸ್ಯರನ್ನು ಸೇರಿಸಿದವರಲ್ಲಿ ನಾನೂ ಒಬ್ಬಳು. ಈಗ ನನ್ನ ಹೆಸರೇ ಹೊರಗೆ.

ರೋಗಕ್ಕೆ ಇಷ್ಟು ಸಿಟ್ಟು ಬಂದಿರಲಿಲ್ಲ.

೧೦ ಅಕ್ಟೋಬರ್, ಗುರುವಾರ

ಸಂಜೆ ನಾನೇ ಹೋದೆ. ಮಾಸ್ಕ್ ಹಾಕಿಕೊಂಡು, ತಲೆಗೆ ವಸ್ತ್ರ ಸುತ್ತಿಕೊಂಡು. ಕ್ಯಾನು ಅತ್ತೆ ಹಿಡಿದಿದ್ದಳು. ಸಾಲಿನಲ್ಲಿದ್ದ ಹೆಂಗಸರು ದಾರಿ ಬಿಟ್ಟರು — ಮರ್ಯಾದೆಗಲ್ಲ, ಹೆದರಿ.

ರೇಣುಕಮ್ಮ ಅಳತೆ ಪಾತ್ರೆ ಹಿಡಿದು ಬರಗೇರಮ್ಮನ ಮುಖ ನೋಡಿದಳು. ಬರಗೇರಮ್ಮ ತಲೆ ಅಲ್ಲಾಡಿಸಿದಳು.

ಅತ್ತೆ ಮುಂದೆ ಬಂದಳು. ಕ್ಯಾನಿನ ಮುಚ್ಚಳ ತೆಗೆದು, ಅದರ ತುಂಬ ಹಾಲು ಬಗ್ಗಿಸಿಕೊಂಡು, ಹಸಿಹಾಲನ್ನೇ ಗಟಗಟ ಕುಡಿದಳು. ಗಲ್ಲದಿಂದ ಸೀರೆ ಮೇಲೆ ಸುರಿಯಿತು. ಬಾಯಿ ಒರೆಸಿಕೊಂಡು, "ಸೊಸೆ ಹೊಲಿಗೆ ತೊಳೆದಿರೋಳು ನಾನು. ಅವಳ ವಾಂತಿ ಬಳಿದಿರೋಳು ನಾನು. ಬರೋದಿದ್ರೆ ನನಗ್ ಮೊದ್ಲು ಬರ್ಬೇಕಿತ್ತು. ನೋಡ್ರೇ, ಕಲ್ಲುಗುಂಡಿನಂಗೆ ನಿಂತಿವ್ನಿ!"

ನಾನು ವಸ್ತ್ರ ಬಿಚ್ಚಿದೆ. ಯಾಕೆ ಬಿಚ್ಚಿದೆನೋ. ಬೋಳು ತಲೆಗೆ ಗಾಳಿ ತಗುಲಿತು.

"ಕ್ಯಾನ್ಸರ್ ಬಂದಿದ್ದು ನನಗೆ. ಕೆಂಪಿಗಲ್ಲ. ಇದು ಮುಟ್ಟಿದ್ರೆ ಬರಲ್ಲ, ಹಾಲಾಗೂ ಬರಲ್ಲ. ಆದ್ರೂ ಬ್ಯಾಡ ಅಂದ್ರೆ ಸರಿ ಬರಗೇರಕ್ಕ, ಯಾಕೆ ಬ್ಯಾಡ ಅಂತ ಸಂಘದ ಕಾಗದದಾಗೆ ಬರೆದು ಸಹಿ ಹಾಕಿ ಕೊಡ್ರಿ."

ಬರೆಯಲಿಲ್ಲ. ಯಾರೂ ಬರೆಯಲಿಲ್ಲ. ಆಮೇಲೆ ರೇಣುಕಮ್ಮ — ಜೋರಾಗಿ ಮಾತೇ ಆಡದ ರೇಣುಕಮ್ಮ — ಕ್ಯಾನು ತನ್ನ ಕಡೆ ಎಳೆದುಕೊಂಡಳು. ಸ್ಯಾಂಪಲ್ ತೆಗೆದು ಮಿಷನ್‌ಗೆ ಇಟ್ಟಳು.

"ಫ್ಯಾಟು ಚೆನ್ನಾಗೈತೆ ಅಕ್ಕ," ಅಂದಳು.

ಚೀಟಿ ಹರಿದು ಕೊಟ್ಟಳು. ಮನೆಗೆ ಬರುವ ತನಕ ಮುಷ್ಟಿಯಲ್ಲೇ ಹಿಡಿದಿದ್ದೆ.

೧೫ ಜನವರಿ ೨೦೨೫, ಬುಧವಾರ

ಕೊನೆಯ ಕಿಮೋ ಮುಗಿಯಿತು. ನಡುವೆ ಬರೆಯಲು ಆಗಲಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಅತ್ತೆ ದಿನಾ ಎರಡು ಹೊತ್ತೂ ಹಾಲು ಹಾಕಿದಳು. ಜ್ವರ ಇದ್ದಾಗಲೂ. ಒಂದು ಹೊತ್ತು ಬಿಟ್ಟರೂ ಬರಗೇರಮ್ಮನಿಗೆ ನೆಪ ಸಿಗುತ್ತದೆ ಅಂತ.

ಇವತ್ತು ಬೆರಳು ಗೋಡೆ ಏರಿ ಏರಿ ಕಿಟಕಿಯ ಮೇಲಿನ ಚೌಕಟ್ಟು ಮುಟ್ಟಿತು. ಅಲ್ಲಿ ಎಷ್ಟು ಧೂಳು! ಅತ್ತೆಗೆ ತೋರಿಸಿದೆ. "ಗುಡಿಸೋಕೂ ಬಂದಂಗಾಯ್ತು ಬಿಡು," ಅಂದಳು.

೨೪ ಫೆಬ್ರವರಿ, ಸೋಮವಾರ

ದಾವಣಗೆರೆಯಲ್ಲಿ ಕರೆಂಟು ಮುಗಿಸಿ ಬಂದೆ. ಚರ್ಮ ಸುಟ್ಟ ಬದನೆಕಾಯಿ. ಆದರೆ ಮುಗಿಯಿತು. ಇನ್ನು ದಿನಕ್ಕೊಂದು ಮಾತ್ರೆ, ವರ್ಷಗಟ್ಟಲೆ. ಆಗಾಗ ಚೆಕಪ್.

ಮುದ್ದೆ ಮುರಿಯುತ್ತ ಹೇಳಿದೆ, ಚುನಾವಣೆಗೆ ನಿಲ್ಲುತ್ತೇನೆ ಅಂತ. ಇವರ ಕೈ ಸಾರಿನ ಬಟ್ಟಲಲ್ಲೇ ನಿಂತಿತು.

"ಓಟು ಹಾಕ್ತಾರಾ? ಸಾಯೋಳಿಗೆ ಯಾಕೆ ಓಟು ಅಂತ ಈಗ್ಲೇ ಅಂತಾವ್ರೆ."

"ಸಾಯಲ್ಲ ಅಂತ ತೋರಿಸೋಕೇ ನಿಲ್ತೀನಿ."

ಇವರು ಅತ್ತೆಯ ಕಡೆ ನೋಡಿದರು. ಅತ್ತೆ ಇನ್ನೊಂದು ಮುದ್ದೆ ನನ್ನ ತಟ್ಟೆಗೆ ಹಾಕಿದಳು. ಅದೇ ಉತ್ತರ.

೮ ಮಾರ್ಚ್, ಶನಿವಾರ

ದುರ್ಗದ ಡಾಕ್ಟರು ಬಂದಿದ್ದರು! ಚೆಕಪ್‌ಗೆ ಹೋದಾಗ ಕೇಳಿದ್ದೆ, ನಮ್ಮ ಹೆಂಗಸರು ಬರಲ್ಲ ಮೇಡಮ್, ನೀವೇ ಬರ್ತೀರಾ ಅಂತ. ಇಬ್ಬರು ನರ್ಸುಗಳ ಜೊತೆ ಬಂದರು. ಸಂಘದ ಕಟ್ಟಡದಲ್ಲಿ ಸೀರೆ ಕಟ್ಟಿ ಮರೆ ಮಾಡಿದೆವು, ಓಬವ್ವ, ರೇಣುಕಮ್ಮ, ನಾನು.

ಒಬ್ಬರೂ ಒಳಗೆ ಬರಲಿಲ್ಲ. ಹುಣಸೆ ಮರದ ಕೆಳಗೆ ಗುಂಪಾಗಿ ನಿಂತು ಸೆರಗು ಬಾಯಿಗಿಟ್ಟು ನಗುವುದು. ಡಾಕ್ಟರು ಸುಮ್ಮನೆ ಕೈಗವಸು ಹಾಕಿಕೊಂಡು ಕೂತಿದ್ದರು.

ಕೊನೆಗೆ ಅತ್ತೆ ಎದ್ದಳು. ಹೆರಿಗೆಗೂ ಆಸ್ಪತ್ರೆಗೆ ಹೋದವಳಲ್ಲ. ಮರೆಯ ಹಿಂದೆ ಹೋದಳು, ಬಂದಳು. ಕಟ್ಟೆ ಮೇಲೆ ನಿಂತು ಕೂಗಿದಳು, "ಏನೂ ಇಲ್ಲ ಕಣ್ರೇ! ಕೈಲಿ ಮುಟ್ಟಿ ನೋಡ್ತಾರೆ ಅಷ್ಟೇಯ. ಬಟ್ಟೆ ಅಂಗಡ್ಯಾಗೆ ಸೀರೆ ಮುಟ್ಟಿ ನೋಡಕಿಲ್ವಾ, ಹಂಗೆ. ನಿಮ್ಮ ಮೈ ಸೀರೆಗಿಂತ ಕಡೆಯಾ? ಬರ್ರಿ!"

ಒಬ್ಬಳು ಬಂದಳು. ಆಮೇಲೆ ಅವಳ ವಾರಗಿತ್ತಿ. ಆಮೇಲೆ ಕಟ್ಟಡ ಸಾಲಲಿಲ್ಲ. ಡಾಕ್ಟರು ಹೇಳಿಕೊಟ್ಟದ್ದನ್ನು ಹುಡುಗಿಯರು ಮುದುಕಿಯರಿಗೆ ಮತ್ತೆ ಹೇಳುತ್ತಿದ್ದರು. ತಿಂಗಳಿಗೊಮ್ಮೆ ನೀವೇ ಮುಟ್ಟಿ ನೋಡಿಕೊಳ್ಳಿ, ಮೊದಲಿದ್ದ ಹಾಗಿಲ್ಲ ಅನ್ನಿಸಿದರೆ ಬನ್ನಿ. ಗಂಟು, ತೊಟ್ಟಿನಿಂದ ನೀರು, ಚರ್ಮ ಒಳಕ್ಕೆ ಎಳೆದದ್ದು, ಏನೇ ಆಗಲಿ.

ಕಾಟಯ್ಯನ ಹೆಂಡತಿಯನ್ನು ದುರ್ಗಕ್ಕೆ ಬರಲು ಹೇಳಿದ್ದಾರೆ. ಚಿಕ್ಕ ಗಡ್ಡೆ, ಅನುಮಾನ ಇದೆ. ಅವಳ ಕಣ್ಣು ತುಂಬಿತು. ನಾನು ಅವಳೆದುರು ಎಡಗೈ ಪೂರ್ತಿ ಮೇಲೆತ್ತಿ ತೋರಿಸಿದೆ. "ನೋಡು. ಇಲ್ಲೇ ನಿಂತಿದ್ದೀನಿ."

ಬರಗೇರಮ್ಮ ಬರಲಿಲ್ಲ.

೧೩ ಮಾರ್ಚ್, ಗುರುವಾರ — ಮಧ್ಯಾಹ್ನ

ಬರಗೇರಮ್ಮ ಬಂದಿದ್ದಳು. ಹಿತ್ತಲ ಬಾಗಿಲಿನಿಂದ. ಮಜ್ಜಿಗೆ ಕೊಟ್ಟೆ, ಕುಡಿಯಲಿಲ್ಲ. ಅವಳ ಸೊಸೆಯ ವಿಷಯ, ಮೇವಿನ ವಿಷಯ... ಎದ್ದಳು, ಮತ್ತೆ ಕೂತಳು.

"ನನಗೂ ಐತೆ ಕಣೇ."

"ಏನು?"

"ಗಂಟು. ಹೋದ ವರ್ಷದ ಶಿವರಾತ್ರಿಯಿಂದ."

ಕೈಯ ಚೊಂಬು ಕೆಳಗಿಟ್ಟೆ. ಒಂದು ವರ್ಷದ ಮೇಲಾಯಿತು! ನನ್ನ ಹಾಲು ಬೇಡ ಅಂದ ದಿನವೂ ಅದು ಅವಳ ಎದೆಯಲ್ಲೇ ಇತ್ತು.

"ನಿನ್ನ ಕಂಡ್ರೆ ನನಗೆ ಮೈಯೆಲ್ಲ ನಡುಕ ಬರ್ತಿತ್ತು. ನನ್ನ ಹಣೇಬರ ಎದುರಿಗೇ ಬಂದು ಸಾಲಿನಾಗೆ ನಿಂತಂಗೆ. ನಿನ್ನ ದೂರ ಮಾಡಿದ್ರೆ ಅದೂ ದೂರ ಆಗ್ತೈತೆ ಅಂತ..." ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಬೈಯಬೇಕು ಅಂತ ಎಷ್ಟು ಮಾತು ಜೋಡಿಸಿಟ್ಟಿದ್ದೆ, ಇಷ್ಟು ದಿನ. ಒಂದೂ ಬಾಯಿಗೆ ಬರಲಿಲ್ಲ.

"ಮಜ್ಜಿಗೆ ಕುಡೀರಿ ಬರಗೇರಕ್ಕ. ನಾಳೆ ಶ್ರೀರಾಂಪುರದ ಮೊದ್ಲನೇ ಬಸ್ಸು. ದುರ್ಗಕ್ಕೆ ಹೋಗಾಣ."

೨೬ ಮಾರ್ಚ್, ಬುಧವಾರ

ಕ್ಯಾನ್ಸರ್ ಅಲ್ಲ! ಬರೀ ಕೊಬ್ಬಿನ ಗಂಟು. ಏನೂ ಮಾಡಬೇಕಾಗಿಲ್ಲ ಅಂದರು ಡಾಕ್ಟರು. ಬರಗೇರಮ್ಮ ನಂಬಲಿಲ್ಲ. "ಸರಿಯಾಗಿ ನೋಡ್ರಿ ಮೇಡಮ್, ಬೇರೇಯೋರ ಚೀಟಿ ಇರ್ಬೇಕು." ಇನ್ನೊಮ್ಮೆ ಹೆಸರು ಓದಿ ಹೇಳಿದಾಗ ಅಲ್ಲೇ ಬೆಂಚಿನ ಮೇಲೆ ಕುಸಿದಳು.

ಆಮೇಲೆ ನಗು ಶುರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಕ್ಕಳು. ಕಂಡಕ್ಟರು ಏನಮ್ಮ ಅಂದರೆ ಅದಕ್ಕೂ ನಗು. ಒಂದು ವರ್ಷ ನಿದ್ದೆ ಬಿಟ್ಟದ್ದು ಕೊಬ್ಬಿನ ಗಂಟಿಗೆ!

ಕಾಟಯ್ಯನ ಹೆಂಡತಿಗೆ ಹೌದು ಅಂತ ಬಂದಿದೆ. ಆದರೆ ತೀರಾ ಸಣ್ಣದು. ಎದೆ ಪೂರ್ತಿ ತೆಗೆಯಬೇಕಾಗಿಲ್ಲ, ಗಡ್ಡೆ ಮಾತ್ರ ಸಾಕಂತೆ. ಡಾಕ್ಟರ ಮುಖದಲ್ಲಿ ಖುಷಿ ಕಾಣುತ್ತಿತ್ತು. ನನಗೂ ಒಳಗೊಳಗೇ ಏನೋ ಏರಿ ಬಂತು — ಕುರಿ ಈಯಿಸಿ, ಮರಿ ಎದ್ದು ನಿಂತಾಗ ಆಗುತ್ತದಲ್ಲ, ಹಾಗೆ.

ಇಳಿಯುವಾಗ ಬರಗೇರಮ್ಮನನ್ನು ಕೇಳಿದೆ, "ಹಂಗಾದ್ರೆ ಈ ಸಲ ನನಗೇ ಬಿಟ್ಕೊಡ್ತೀರಾ?"

"ಅದೆಂಗೆ ಆಗ್ತೈತೆ?" ಸೆರಗು ಸರಿಮಾಡಿಕೊಂಡಳು. "ಗಂಟು ಬೇರೆ, ಎಲೆಕ್ಷನ್ ಬೇರೆ."

೨೦ ಏಪ್ರಿಲ್, ಭಾನುವಾರ — ಸಂಜೆ

ಗೆದ್ದೆ.

ಗೆದ್ದೆ, ಗೆದ್ದೆ, ಗೆದ್ದೆ.

ನಿರ್ದೇಶಕರಲ್ಲಿ ಎಲ್ಲರಿಗಿಂತ ಹೆಚ್ಚು ಓಟು ನನಗೇ. ಬರಗೇರಮ್ಮನೂ ಗೆದ್ದಳು. ಉಷಾ ಅಧ್ಯಕ್ಷೆಯಾಗಲು ಒಪ್ಪುವವರು ಕೈ ಎತ್ತಿ ಅಂದಾಗ ಅವಳ ಕೈಯೇ ಮೊದಲು ಮೇಲೆ ಹೋಯಿತು. ನನ್ನ ಕಡೆ ನೋಡಲಿಲ್ಲ. ಸೂರು ನೋಡುತ್ತ ಎತ್ತಿದಳು.

ಕಾಟಯ್ಯನ ಹೆಂಡತಿ ಆಪರೇಷನ್ ಆಗಿ ಇನ್ನೂ ಪಟ್ಟಿ ಬಿಚ್ಚಿಲ್ಲ, ಓಟಿಗೆ ಬಂದಿದ್ದಳು. ಒಂದು ಕೈಯಲ್ಲಿ ಗಂಡನನ್ನು ಹಿಡಿದುಕೊಂಡು.

ಹಾರ ಹಾಕಿದರು. ಭಾಷಣ ಮಾಡು ಅಂದರು. "ನಮ್ಮ ಸಂಘದಾಗೆ ಯಾರ ಮನೆ ಹಾಲೂ ವಾಪಸ್ ಹೋಗಲ್ಲ. ವರ್ಷಕ್ಕೊಂದು ಸಲ ಎಲ್ಲಾ ಹೆಂಗಸರೂ ಎದೆ ತೋರಿಸ್ಕೊಬೇಕು," ಅಂದುಬಿಟ್ಟೆ. ಗಂಡಸರು ನೆಲ ನೋಡಿದರು. ಹೆಂಗಸರು ಗೊಳ್ಳೆಂದು ನಕ್ಕು ಚಪ್ಪಾಳೆ ಹೊಡೆದರು. ನಾನೂ ನಕ್ಕೆ.

ಇವರು ಪಟಾಕಿ ಹಚ್ಚಿದರು. ಕುರಿಗಳೆಲ್ಲ ಚೆಲ್ಲಾಪಿಲ್ಲಿ. ಈಗ ಹುಡುಕಲು ಹೋಗಿದ್ದಾರೆ.

೪ ಜೂನ್ ೨೦೨೫, ಬುಧವಾರ — ಬೆಳಿಗ್ಗೆ

ಹೊಳಲ್ಕೆರೆ ಕಡೆಯ ಮಹಿಳಾ ಸಂಘದವರು ಕರೆದಿದ್ದಾರೆ. ಅಲ್ಲೂ ಕ್ಯಾಂಪು. ಡಾಕ್ಟರು ನೇರ ಅಲ್ಲಿಗೇ ಬರುತ್ತಾರೆ. ನಾನು ಮಾತಾಡಬೇಕಂತೆ. ಏನು ಮಾತಾಡಬೇಕು ಅಂತ ಬರೆದುಕೊಳ್ಳಲು ಕೂತೆ. ಬರೆಯುವುದೇನು, ಆದದ್ದನ್ನು ಹೇಳಿದರಾಯಿತು.

ಕೂದಲು ಬಂದಿದೆ. ಮೊದಲಿನ ಹಾಗಲ್ಲ, ಗುಂಗುರು. ರಜೆಗೆ ಬಂದ ರೋಜಾ ಹೂ ಮುಡಿಸಲು ನೋಡುತ್ತಿದ್ದಾಳೆ. ಗಿಡ್ಡ ಕೂದಲಲ್ಲಿ ನಿಲ್ಲುತ್ತಿಲ್ಲ. ಜಾರುತ್ತದೆ, ಮತ್ತೆ ಸಿಕ್ಕಿಸುತ್ತಾಳೆ, ಪಿನ್ನು ನೆತ್ತಿಗೆ ಚುಚ್ಚುತ್ತದೆ.

ಹಾರ್ನ್. ಬಸ್ಸು ಇವತ್ತು ಬೇಗ. ಕಿಟಕಿಯಿಂದ ಕಾಣುತ್ತಿದೆ — ಇವರು ರಸ್ತೆ ಮಧ್ಯೆ ಎರಡೂ ಕೈ ಚಾಚಿ ನಿಂತಿದ್ದಾರೆ. ಡ್ರೈವರ್ ಬೈಯುತ್ತಿದ್ದಾನೆ. ಅತ್ತೆ ಡ್ರೈವರ್‌ಗೆ ಬೈಯುತ್ತಿದ್ದಾಳೆ, ಇಡೀ ಹಟ್ಟಿಗೆ ಕೇಳುವ ಹಾಗೆ, "ಒಂದ್ ಗಳಿಗೆ ನಿಲ್ಸಲೇ! ಕ್ಯಾನ್ಸರ್ ಗೆದ್ದೋಳು, ನಮ್ಮ ಅಧ್ಯಕ್ಷೆ, ನನ್ನ ಸೊಸೆ ಬರ್ತಾ—"